ತಾತ, ಮೊಮ್ಮಗ ಮತ್ತು ಶೋಕದ ವಿಜ್ಞಾನ

ಸೂರ್ಯಗ್ರಹಣವು ಯಾವ ದಿನ, ಯಾವ ಗಳಿಗೆಯಲ್ಲಿ, ಯಾವ ಊರಿನಲ್ಲಿ ಕಾಣುವುದೆಂಬುದನ್ನು ವಿಜ್ಞಾನವು ನೂರು ವರ್ಷ ಮೊದಲೇ ಹೇಳಬಲ್ಲದು. ಕಣ್ಣಿಗೆ ಕಾಣದ ಪರಮಾಣುವನ್ನು ಅದು ತೂಗಬಲ್ಲದು. ಆದರೆ ಮನೆಯಲ್ಲಿ ಒಬ್ಬರು ತೀರಿಕೊಂಡು, ಜಗಲಿಯ ಮೂಲೆಯಲ್ಲಿ ತಾತನು ಮಾತಿಲ್ಲದೆ ಕುಳಿತಿರುವಾಗ, ಅಂಗಳದಲ್ಲಿ ಮೊಮ್ಮಗನು ಏನೂ ನಡೆದಿಲ್ಲವೆಂಬಂತೆ ಗೋಲಿಯಾಡುತ್ತಿರುವಾಗ, ಆ ಇಬ್ಬರ ಎದೆಯೊಳಗೆ ಆಗುತ್ತಿರುವುದೇನು? ಇದನ್ನು ಕುರಿತು ವಿಜ್ಞಾನಕ್ಕೆ ಹೇಳುವುದೇನಾದರೂ ಇದೆಯೆ? ಇದು ಕವಿಗಳ ಮತ್ತು ಸಂತರ ಕ್ಷೇತ್ರ, ಪ್ರಯೋಗಶಾಲೆಯವರಿಗೆ ಇಲ್ಲೇನು ಕೆಲಸ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದೇವೆ.

ಈ ತಿಳಿವಳಿಕೆ ಪೂರ್ತಿ ಸರಿಯಲ್ಲ. ಶೋಕವೂ ಹಸಿವು ನಿದ್ರೆಗಳಂತೆ ಪ್ರಕೃತಿಯ ಒಂದು ವಿದ್ಯಮಾನ. ಅದಕ್ಕೂ ಕಾರಣವುಂಟು, ಕ್ರಮವುಂಟು, ಪ್ರಯೋಜನವೂ ಉಂಟು. ಇದನ್ನು ಶಾಸ್ತ್ರೀಯವಾಗಿ ಮೊದಲು ನೋಡಿದವರಲ್ಲಿ ಜೀವವಿಕಾಸವಾದದ ಪ್ರವರ್ತಕನಾದ ಚಾರ್ಲ್ಸ್ ಡಾರ್ವಿನನೂ ಒಬ್ಬ. ಆತನು ಈ ವಿಷಯವನ್ನು ಕೇವಲ ಗ್ರಂಥಗಳಿಂದ ಅರಿತವನಲ್ಲ. ಎಂಟನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡ ಬಾಲಕನೂ ಅವನೇ. ಅರವತ್ತೇಳನೆಯ ವಯಸ್ಸಿನಲ್ಲಿ, ತಾಯಿಯನ್ನು ಕಳೆದುಕೊಂಡ ಮೊಮ್ಮಗನನ್ನು ಮನೆಗೆ ಕರೆದುಕೊಂಡ ತಾತನೂ ಅವನೇ. ಆ ಒಂದು ಮನೆಯ ಕಥೆಯನ್ನು ಹಿಡಿದು ಹೊರಟರೆ ಮಕ್ಕಳ ಶೋಕವನ್ನೂ ಮುದುಕರ ಶೋಕವನ್ನೂ ಕುರಿತು ಇಂದಿನ ವಿಜ್ಞಾನವು ಹೇಳುವ ಬಹುಭಾಗವನ್ನು ನಾವು ತಿಳಿಯಬಹುದು.

ಖಾಲಿ ಬೂಟುಗಳ ಕುದುರೆ

ಡಾರ್ವಿನನು ಹುಟ್ಟಿದ್ದು 1809ನೆಯ ಇಸವಿಯಲ್ಲಿ, ಇಂಗ್ಲೆಂಡಿನ ಶ್ರೂಸ್‌ಬರಿ ಪಟ್ಟಣದಲ್ಲಿ. ತಂದೆ ಹೆಸರಾಂತ ವೈದ್ಯ. ತಾಯಿ ಸುಸಾನಳು 1817ರ ಜುಲೈ ತಿಂಗಳಲ್ಲಿ ತೀರಿಕೊಂಡಳು. ಆಗ ಹುಡುಗನಿಗೆ ಎಂಟು ತುಂಬಿ ಕೆಲವು ತಿಂಗಳಾಗಿದ್ದವು. ಎಂಟು ವರ್ಷದ ಹುಡುಗನಿಗೆ ತಾಯಿಯ ಮುಖ, ಧ್ವನಿ, ಕೈಯ ಸ್ಪರ್ಶ ಎಲ್ಲವೂ ನೆನಪಿರಬೇಕಲ್ಲವೆ? ಆದರೆ ಡಾರ್ವಿನನಿಗೆ ನೆನಪಿದ್ದವು ಬೆರಳೆಣಿಕೆಯಷ್ಟೆ: ಆಕೆ ಕೊನೆಯುಸಿರೆಳೆದ ಹಾಸಿಗೆ, ಆಕೆಯ ಕಪ್ಪು ಮಖಮಲ್ಲಿನ ಉಡುಪು, ಆಕೆ ಹೊಲಿಗೆಗೆ ಬಳಸುತ್ತಿದ್ದ ವಿಚಿತ್ರ ರಚನೆಯ ಮೇಜು. ತಾಯಿಯ ಮುಖವೇ ಅವನ ನೆನಪಿನಿಂದ ಅಳಿಸಿಹೋಗಿತ್ತು.

ಆಶ್ಚರ್ಯದ ಸಂಗತಿಯೆಂದರೆ, ಹೆಚ್ಚುಕಡಿಮೆ ಅದೇ ಕಾಲದಲ್ಲಿ ಊರಿನಲ್ಲಿ ಕಂಡ ಒಬ್ಬ ಅಪರಿಚಿತ ಅಶ್ವಾರೋಹಿ ಸೈನಿಕನ ಶವಸಂಸ್ಕಾರವು ಅವನಿಗೆ ಚಿತ್ರದಂತೆ ನೆನಪಿತ್ತು. ಸತ್ತವನ ಕುದುರೆ, ಅದರ ಜೀನಿಗೆ ತೂಗಹಾಕಿದ ಖಾಲಿ ಬೂಟುಗಳು, ಬಂದೂಕು, ಗೋರಿಯ ಮೇಲೆ ಹಾರಿಸಿದ ಗುಂಡಿನ ಸದ್ದು, ಇವೆಲ್ಲವೂ ಅರವತ್ತು ವರ್ಷಗಳ ಮೇಲೆಯೂ ತನ್ನ ಕಣ್ಣಿಗೆ ಕಟ್ಟಿದಂತಿವೆಯೆಂದು ಆತನು ಬರೆದಿದ್ದಾನೆ. ಕಂಡರಿಯದ ಸೈನಿಕನ ಸಾವು ನೆನಪಿನಲ್ಲಿ ಉಳಿದು ಹೆತ್ತ ತಾಯಿಯ ಸಾವು ಮಸುಕಾಗಲು ಕಾರಣವೇನು?

ಈ ಪ್ರಶ್ನೆಯು ಡಾರ್ವಿನನನ್ನೂ ಕಾಡಿತ್ತು. 1838ರಲ್ಲಿ, ಇನ್ನೂ ತರುಣನಾಗಿದ್ದಾಗಲೇ, ತನಗಿಂತ ಒಂದು ವರ್ಷ ಚಿಕ್ಕವಳಾದ ತಂಗಿ ಕ್ಯಾಥರೀನಳಿಗೆ ಆ ದಿನಗಳ ಪ್ರತಿಯೊಂದು ವಿವರವೂ ನೆನಪಿರುವಾಗ ತನಗೇಕೆ ಏನೂ ನೆನಪಿಲ್ಲವೆಂದು ಆತನು ಬರೆದುಕೊಂಡಿದ್ದನು. ಮುದಿತನದಲ್ಲಿ ಆತ್ಮಚರಿತ್ರೆಯನ್ನು ಬರೆಯುವಾಗ ಅದಕ್ಕೆ ಎರಡು ಕಾರಣಗಳನ್ನು ಸೂಚಿಸಿದನು. ತಾಯಿಯು ಸಾಯುವ ಮುಂಚಿನಿಂದಲೂ ರೋಗಿಯಾಗಿದ್ದುದು ಒಂದು. ಇನ್ನೊಂದು ಕಾರಣವೇ ನಮಗೆ ಮುಖ್ಯವಾದದ್ದು. ಅಕ್ಕಂದಿರಿಗೆ ಉಂಟಾಗಿದ್ದ ದುಃಖವು ಎಷ್ಟು ತೀವ್ರವಾಗಿತ್ತೆಂದರೆ, ಅವರು ತಾಯಿಯ ವಿಷಯವನ್ನು ಎಂದೂ ಎತ್ತಲಾರದೆ ಹೋದರು; ಆಕೆಯ ಹೆಸರನ್ನು ಕೂಡ ಹೇಳಲಾರದೆ ಹೋದರು.

ಅಕ್ಕಂದಿರಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ. ತಮ್ಮನನ್ನು ಅವರೇ ಸಾಕಿದರು, ಅವರೇ ಓದು ಕಲಿಸಿದರು. ಅವರು ಮಾಡಿದ್ದು ನಾವೆಲ್ಲರೂ ಮಾಡುವಂಥದೇ: ಮಗುವಿನ ಎದುರಿಗೆ ಆ ಮಾತು ಬೇಡ ಎಂದು ಬಾಯಿ ಕಟ್ಟಿಕೊಂಡರು. ಆ ಮೌನದ ಬೆಲೆಯನ್ನು ಮಾತ್ರ ಮಗುವು ತನ್ನ ನೆನಪಿನಿಂದ ತೆರಬೇಕಾಯಿತು.

ಮುಖದ ಮೇಲೆ ಬರೆದ ದುಃಖ

ಡಾರ್ವಿನನ ಬಾಳಿನಲ್ಲಿ ಸಾವು ಮತ್ತೆ ಮತ್ತೆ ಬಂದಿತು. ಆತನಿಗೂ ಆತನ ಮಡದಿ ಎಮ್ಮಾಳಿಗೂ ಹುಟ್ಟಿದ ಹತ್ತು ಮಕ್ಕಳಲ್ಲಿ ಮೂರು ಎಳವೆಯಲ್ಲಿಯೇ ತೀರಿಕೊಂಡವು. ಅವರಲ್ಲಿ ಹಿರಿಯಳಾದ ಆನಿಯು 1851ರ ಏಪ್ರಿಲ್ 23ರಂದು, ಹತ್ತನೆಯ ವಯಸ್ಸಿನಲ್ಲಿ, ಚಿಕಿತ್ಸೆಗೆಂದು ಹೋಗಿದ್ದ ಮಾಲ್ವರ್ನ್ ಎಂಬ ಊರಿನಲ್ಲಿ ಸತ್ತಳು. ಎಮ್ಮಾಳು ತುಂಬು ಗರ್ಭಿಣಿಯಾದುದರಿಂದ ಮನೆಯಲ್ಲಿಯೇ ಉಳಿದಿದ್ದಳು. ಮಗಳ ಹಾಸಿಗೆಯ ಬಳಿ ಕುಳಿತಿದ್ದವನು ಡಾರ್ವಿನನೇ. ಒಂದು ವಾರದ ಮೇಲೆ ಆತನು ಕಾಗದ ಲೇಖನಿಗಳನ್ನು ಹಿಡಿದು ಕುಳಿತು, ಮಗಳ ನಗೆ, ನಡಿಗೆ, ಸ್ವಭಾವ ಎಲ್ಲವನ್ನೂ ಮರೆತುಹೋಗುವುದಕ್ಕೆ ಮೊದಲೇ ಬರೆದಿಟ್ಟನು. ತಾಯಿಯ ಮುಖವನ್ನು ಮರೆತವನು ಮಗಳ ಮುಖವನ್ನು ಮರೆಯಲು ಸಿದ್ಧನಿರಲಿಲ್ಲವೆಂದು ನಾವು ಊಹಿಸಿದರೆ ತಪ್ಪಾಗಲಾರದು. ಎಮ್ಮಾಳು ಆನಿಯ ಬರೆಯುವ ಪೆಟ್ಟಿಗೆಯಲ್ಲಿ ಅವಳ ಪುಟ್ಟ ವಸ್ತುಗಳನ್ನು ತುಂಬಿಟ್ಟಳು. ಆ ಪೆಟ್ಟಿಗೆಯು ವಂಶದಲ್ಲಿ ಉಳಿದು ಬಂದು, ಡಾರ್ವಿನನ ಮರಿಮಗನ ಮಗನಾದ ರಾಂಡಲ್ ಕೀನ್ಸನು 2001ರಲ್ಲಿ ಅದನ್ನು ಕುರಿತು ಒಂದು ಗ್ರಂಥವನ್ನೇ ಬರೆದನು.

ಆದರೆ ಬರೆದದ್ದನ್ನು ಆಡಲು ಡಾರ್ವಿನನಿಂದ ಆಗಲಿಲ್ಲ. ತನಗೆ ತಿಳಿದಮಟ್ಟಿಗೆ ತಂದೆಯು ಆನಿಯ ಮಾತನ್ನು ಎಂದೂ ಎತ್ತಲಿಲ್ಲವೆಂದು ಮಗಳು ಹೆನ್ರಿಯೆಟ್ಟಾ ಬರೆದಿದ್ದಾಳೆ. ಅಕ್ಕಂದಿರಿಂದ ಕಲಿತ ಮೌನವು ತಮ್ಮನ ಮನೆಗೂ ಬಂದು ಸೇರಿತ್ತು.

ಬಾಯಿ ಮುಚ್ಚಿದರೂ ಮುಖವು ಮುಚ್ಚಲಾರದು ಎಂಬುದನ್ನು ತೋರಿಸಿದವನೂ ಇದೇ ಡಾರ್ವಿನನು. ಮಾನವರಲ್ಲಿಯೂ ಪ್ರಾಣಿಗಳಲ್ಲಿಯೂ ಭಾವಗಳು ಹೊರಹೊಮ್ಮುವ ಬಗೆಯನ್ನು ಕುರಿತು 1872ರಲ್ಲಿ ಆತನು ಪ್ರಕಟಿಸಿದ ಗ್ರಂಥದಲ್ಲಿ ದುಃಖಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ದುಃಖದಲ್ಲಿರುವವರ ಹುಬ್ಬುಗಳನ್ನು ನೋಡಿ: ಅವುಗಳ ಒಳತುದಿಗಳು ಮೇಲಕ್ಕೇರಿ ಓರೆಯಾಗುತ್ತವೆ, ಹಣೆಯ ನಡುವೆ ಮಾತ್ರ ಸುಕ್ಕುಗಳು ಮೂಡುತ್ತವೆ, ಬಾಯಿಯ ಕೊನೆಗಳು ಕೆಳಕ್ಕೆ ಇಳಿಯುತ್ತವೆ. ಇದನ್ನು ಉಂಟುಮಾಡುವ ಸ್ನಾಯುಗಳನ್ನು ಡಾರ್ವಿನನು 'ಶೋಕದ ಸ್ನಾಯುಗಳು' ಎಂದು ಕರೆದನು. ಬೇಕೆಂದಾಗ ಇವನ್ನು ಆಡಿಸುವುದು ಬಹುಜನರಿಗೆ ಸಾಧ್ಯವಿಲ್ಲ. ದುಃಖ ಬಂದಾಗ ಅವು ತಾವಾಗಿಯೇ ಆಡುತ್ತವೆ. ಆತನ ವಿವರಣೆ ಹೀಗಿದೆ: ಮಗುವು ಕಿರುಚಿ ಅಳುವಾಗ ಕಣ್ಣಿನ ಸುತ್ತಲಿನ ಸ್ನಾಯುಗಳು ಬಿಗಿಯುತ್ತವೆ. ದೊಡ್ಡವರು ಅಳುವನ್ನು ತಡೆಯುತ್ತಾರೆ. ಆದರೂ ಹಳೆಯ ಅಭ್ಯಾಸಬಲದಿಂದ ಆ ಸ್ನಾಯುಗಳು ಬಿಗಿಯಲು ತೊಡಗುತ್ತವೆ. ಹಣೆಯ ನಡುವಿನ ಸ್ನಾಯುಗಳು ಅವನ್ನು ತಡೆಯಲು ಸೆಳೆಯುತ್ತವೆ. ಈ ಎಳೆದಾಟದ ಫಲವೇ ಓರೆಯಾದ ಹುಬ್ಬು. ಅಂದರೆ ಮುದುಕನ ದುಃಖದ ಮುಖದಲ್ಲಿ ಅಳಲಾರದ ಒಂದು ಮಗುವಿನ ಮುಖವು ಅಡಗಿದೆಯೆಂದಂತಾಯಿತು!

ಒಮ್ಮೆ ರೈಲುಗಾಡಿಯಲ್ಲಿ ಎದುರಿಗೆ ಕುಳಿತಿದ್ದ ಮುದುಕಿಯೊಬ್ಬಳನ್ನು ಡಾರ್ವಿನನು ಗಮನಿಸಿದನು. ನೆಮ್ಮದಿಯಾಗಿದ್ದ ಆಕೆಯ ಮುಖದಲ್ಲಿ ಬಾಯಿಯ ಕೊನೆಗಳು ಮಾತ್ರ ಒಂದಿಷ್ಟು ಕೆಳಗಿಳಿದವು. ಇದಕ್ಕೇನಾದರೂ ಅರ್ಥವಿರಬಹುದೆ ಎಂದು ಆತನು ಯೋಚಿಸುತ್ತಿರುವಷ್ಟರಲ್ಲಿ ಆಕೆಯ ಕಣ್ಣುಗಳಲ್ಲಿ ನೀರು ತುಂಬಿತು. ಬಹುಕಾಲದ ಹಿಂದೆ ಕಳೆದುಕೊಂಡ ಮಗುವಿನ ನೆನಪು ಆಕೆಗೆ ಬಂದಿರಬಹುದೆಂದು ಆತನು ಬರೆದನು. ಆ ಸಾಲನ್ನು ಬರೆಯುವಾಗ ಅವನ ಮನಸ್ಸಿನಲ್ಲಿ ಯಾವ ಮಗುವಿತ್ತೋ, ಆತನು ಹೇಳಿಲ್ಲ.

ಈ ಚಿಹ್ನೆಗಳು ಎಲ್ಲ ಜನಾಂಗಗಳಲ್ಲಿಯೂ ಒಂದೇ ಆಗಿವೆಯೆ ಎಂದು ತಿಳಿಯಲು ಆತನು ಲೋಕದ ನಾನಾ ಭಾಗಗಳಿಗೆ ಪ್ರಶ್ನಾವಳಿಯನ್ನು ಕಳುಹಿಸಿದ್ದನು. ಕಲ್ಕತ್ತೆಯ ಸಸ್ಯೋದ್ಯಾನದಲ್ಲಿದ್ದ ಸ್ಕಾಟ್ ಎಂಬಾತನಿಂದ ನಮ್ಮ ದೇಶದ ಉತ್ತರವು ಬಂದಿತು. ನಾಗಪುರದ ಕಡೆಯಿಂದ ಬಂದಿದ್ದ ತೋಟಗಾರನೊಬ್ಬನ ಎಳೆಯ ಹೆಂಡತಿಯು ಸಾಯುವ ಸ್ಥಿತಿಯಲ್ಲಿದ್ದ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಸ್ಕಾಟನು ಗಿಡಗಳ ಮರೆಯಿಂದ ನೋಡಿದನು: ಅದೇ ಓರೆಯಾದ ಹುಬ್ಬು, ಅದೇ ಹಣೆಯ ಸುಕ್ಕು, ಕೆಳಗಿಳಿದ ಅದೇ ಬಾಯಿ. ಆತನು ಮರೆಯಿಂದ ಹೊರಬಂದು ಮಾತನಾಡಿಸುತ್ತಲೇ ಆಕೆಯು ಬೆಚ್ಚಿಬಿದ್ದು, ಬಿಕ್ಕಿ ಬಿಕ್ಕಿ ಅತ್ತು, ಮಗುವನ್ನು ಉಳಿಸಿಕೊಡಿರೆಂದು ಬೇಡಿಕೊಂಡಳು. ಇಂಗ್ಲೆಂಡಿನ ರೈಲಿನ ಮುದುಕಿಗೂ ಕಲ್ಕತ್ತೆಯ ತೋಟದ ತಾಯಿಗೂ ದುಃಖದ ಲಿಪಿ ಒಂದೇ ಆಗಿದ್ದಿತು.

ತಾಯಿಯಿಲ್ಲದ ಮಗು ಮನೆಗೆ ಬಂದುದು

1876ರ ಬೇಸಿಗೆಯಲ್ಲಿ ಡಾರ್ವಿನನು ತನ್ನ ಆತ್ಮಚರಿತ್ರೆಯನ್ನು ಬರೆದನು. ಮೇ ತಿಂಗಳ ಕೊನೆಯಲ್ಲಿ ಆರಂಭಿಸಿ ಆಗಸ್ಟ್ 3ರಂದು ಮುಗಿಸಿದನು. ತಾಯಿಯ ಹೆಸರನ್ನು ಯಾರೂ ಎತ್ತದಿದ್ದುದರಿಂದ ತಾನು ಆಕೆಯನ್ನು ಮರೆತೆನೆಂಬ ಮಾತು ಇರುವುದು ಇದರಲ್ಲಿಯೇ. ಆ ಹಾಳೆಗಳ ಮಸಿ ಆರಿ ಆರು ವಾರಗಳು ಕಳೆಯುವುದರೊಳಗಾಗಿ ಆ ಮನೆಯಲ್ಲಿ ಇನ್ನೊಂದು ಮಗುವು ತಾಯಿಯನ್ನು ಕಳೆದುಕೊಂಡಿತು.

ಡಾರ್ವಿನನ ಮಗ ಫ್ರಾನ್ಸಿಸನು ವೈದ್ಯಶಾಸ್ತ್ರವನ್ನು ಓದಿದ್ದರೂ ತಂದೆಯ ಸಸ್ಯಸಂಶೋಧನೆಗಳಿಗೆ ಸಹಾಯಕನಾಗಿ ಅದೇ ಡೌನ್ ಹಳ್ಳಿಯಲ್ಲಿ ನೆಲೆಸಿದ್ದನು. ಅವನ ಹೆಂಡತಿ ಏಮಿ ವೇಲ್ಸ್ ಪ್ರಾಂತದವಳು. ಸೆಪ್ಟೆಂಬರ್ 7ರಂದು ಆಕೆಗೆ ಗಂಡುಮಗುವಾಯಿತು. ನಾಲ್ಕು ದಿನಗಳ ಮೇಲೆ, ಸೆಪ್ಟೆಂಬರ್ 11ರಂದು, ಆಕೆಯು ತೀರಿಕೊಂಡಳು. ಇಪ್ಪತ್ತೆಂಟು ವರ್ಷದ ಫ್ರಾನ್ಸಿಸನು ನಾಲ್ಕು ದಿನದ ಕೂಸಿನೊಡನೆ ತಂದೆತಾಯಿಗಳ ಮನೆಗೆ ಹಿಂದಿರುಗಿದನು. ಆ ಕೂಸಿನ ಹೆಸರು ಬರ್ನಾರ್ಡ್.

ಎಮ್ಮಾಳಿಗೆ ಆಗ ಅರವತ್ತೆಂಟು ವರ್ಷ. ಆಕೆಯ ಕೊನೆಯ ಮಗನಿಗೇ ಇಪ್ಪತ್ತೈದು ತುಂಬಿತ್ತು. ಎಂದೋ ಮುಚ್ಚಿದ್ದ ಶಿಶುಗೃಹದ ಬಾಗಿಲನ್ನು ಮತ್ತೆ ತೆರೆಯಬೇಕಾಯಿತು. ಮನಶ್ಶಾಸ್ತ್ರಜ್ಞರು ಇಂಥ ತಾತ ಅಜ್ಜಿಯರ ದುಃಖವನ್ನು ಇಮ್ಮಡಿ ದುಃಖವೆನ್ನುತ್ತಾರೆ. ಸತ್ತವರಿಗಾಗಿ ಒಂದು ದುಃಖ. ಬದುಕಿ ಉಳಿದ ಮಗ ಅಥವಾ ಮಗಳ ಪಾಡನ್ನು ಕಣ್ಣೆದುರಿಗೆ ನೋಡಬೇಕಲ್ಲ ಎಂಬುದು ಇನ್ನೊಂದು. ಇವೆರಡರ ನಡುವೆ ತಮ್ಮದೇ ಆದ ಮುಪ್ಪು ಮತ್ತು ರೋಗ. ಡಾರ್ವಿನನಂತೂ ನಲವತ್ತು ವರ್ಷಗಳಿಂದ ಹೊಟ್ಟೆನೋವು, ವಾಂತಿ, ಎದೆಬಡಿತಗಳಿಂದ ನರಳುತ್ತಿದ್ದವನು.

ಹೀಗಿದ್ದೂ ಆ ಮನೆಯು ಕತ್ತಲಾಗಲಿಲ್ಲ. ಕೂಸಿನ ಗಂಭೀರ ಮುಖವನ್ನು ನೋಡಿ ಎಮ್ಮಾಳು ಪತ್ರವೊಂದರಲ್ಲಿ ಅವನನ್ನು ಟಿಬೆಟ್ಟಿನ ಮಹಾಲಾಮನಿಗೆ ಹೋಲಿಸಿ, ನಿಮ್ಮ ತಂದೆಯು ಮಗುವನ್ನು ಬಹಳ ಹಚ್ಚಿಕೊಳ್ಳುತ್ತಿದ್ದಾರೆ ಎಂದು ಬರೆದಳು. ಮುಂದೆ ಮಗುವು ಮಧ್ಯಾಹ್ನದ ಊಟಕ್ಕೆ ತಾತನ ಎದುರಿಗೆ ಕುಳಿತುಕೊಳ್ಳತೊಡಗಿತು. ಎದುರಿಗೆ ಆ ಪುಟ್ಟ ಮುಖವನ್ನು ಕಾಣುವುದೇ ತನಗೊಂದು ಸುಖವೆಂದು ತಾತನು ಹೇಳುತ್ತಿದ್ದನು. ಇಬ್ಬರೂ ತಮ್ಮ ತಮ್ಮ ರುಚಿಗಳನ್ನು ಹೋಲಿಸಿಕೊಳ್ಳುತ್ತಿದ್ದರು. ಬಿಳಿ ಸಕ್ಕರೆಗಿಂತ ಕಂದು ಸಕ್ಕರೆಯೇ ಮೇಲು ಎಂದು ಇಬ್ಬರ ತೀರ್ಮಾನವೂ ಒಂದೇ ಆಗುತ್ತಿತ್ತು. ನಮ್ಮಿಬ್ಬರ ಅಭಿಪ್ರಾಯ ಯಾವಾಗಲೂ ಒಂದೇ, ಅಲ್ಲವೆ, ಎಂಬುದು ಆ ಮಾತುಕತೆಯ ಮುಕ್ತಾಯ. ಇದನ್ನು ಬರೆದಿಟ್ಟವನು ಆ ಮಗುವಿನ ತಂದೆ ಫ್ರಾನ್ಸಿಸನೇ.

ಫ್ರಾನ್ಸಿಸನನ್ನು ಬದುಕಿಗೆ ಮರಳಿ ತಂದದ್ದರಲ್ಲಿ ಕೆಲಸದ ಪಾಲೂ ದೊಡ್ಡದು. ತಂದೆ ಮಗ ಇಬ್ಬರೂ ಸೇರಿ ಹುಲ್ಲಿನ ಮೊಳಕೆಗಳು ಬೆಳಕಿನ ಕಡೆಗೆ ಬಾಗುವುದನ್ನು ಪರೀಕ್ಷಿಸಿದರು. ಮೊಳಕೆಯ ತುದಿಯನ್ನು ಮುಚ್ಚಿದರೆ ಬುಡವು ಬಾಗುವುದಿಲ್ಲವೆಂದು ಅವರು ಕಂಡರು. ಮುಂದೆ ಸಸ್ಯಗಳ ಬೆಳವಣಿಗೆಯ ರಸವಾದ ಆಕ್ಸಿನ್ನಿನ ಶೋಧಕ್ಕೆ ದಾರಿಮಾಡಿಕೊಟ್ಟ ಈ ಪ್ರಯೋಗಗಳು 1880ರಲ್ಲಿ ಗ್ರಂಥರೂಪದಲ್ಲಿ ಹೊರಬಂದವು. ಅನಂತರ ಎರೆಹುಳುಗಳ ಸರದಿ. ಅವುಗಳಿಗೆ ಕಿವಿ ಕೇಳಿಸುವುದೆ ಎಂದು ನೋಡಲು ಕುಂಡಗಳಲ್ಲಿ ಹುಳುಗಳನ್ನಿಟ್ಟು ಲೋಹದ ಸೀಟಿಯನ್ನು ಊದಿದರು, ಬಸೂನ್ ಎಂಬ ದೊಡ್ಡ ಕೊಳಲನ್ನು ನುಡಿಸಿದರು, ಪಿಯಾನೋವನ್ನು ಬಾರಿಸಿದರು. ಬಸೂನು ಫ್ರಾನ್ಸಿಸನದು, ಪಿಯಾನೋ ಎಮ್ಮಾಳದು, ಸೀಟಿಯನ್ನು ಊದಿದವನು ಪುಟ್ಟ ಬರ್ನಾರ್ಡನೆಂದು ಜೀವನಚರಿತ್ರಕಾರರು ಬರೆಯುತ್ತಾರೆ. ಹುಳುಗಳು ಯಾವುದಕ್ಕೂ ಕದಲಲಿಲ್ಲ. ಕುಂಡವನ್ನು ಪಿಯಾನೋದ ಮೇಲೆಯೇ ಇಟ್ಟು ಮಂದ್ರದ ಸ್ವರವೊಂದನ್ನು ಬಾರಿಸಿದಾಗ ಮಾತ್ರ ಕಂಪನವನ್ನು ಅರಿತು ಥಟ್ಟನೆ ಬಿಲ ಸೇರಿದವು. ಹೆಂಡತಿಯನ್ನು ಕಳೆದುಕೊಂಡವನು, ಸೊಸೆಯನ್ನು ಕಳೆದುಕೊಂಡವರು, ತಾಯಿಯನ್ನು ಅರಿಯದ ಮಗು, ಎಲ್ಲರೂ ಸೇರಿ ಎರೆಹುಳುವಿಗೆ ಸಂಗೀತ ಕೇಳಿಸುತ್ತಿರುವ ಈ ದೃಶ್ಯವನ್ನು ನಾವು ಮರೆಯದಿರೋಣ. ಇದರ ವೈಜ್ಞಾನಿಕ ಅರ್ಥವು ಮುಂದೆ ತಿಳಿದುಬರುವುದು.

ಶೋಕವೆಂಬುದು ಏತಕ್ಕಾಗಿ?

ಸತ್ತವರು ಅತ್ತರೆ ಮರಳುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು. ಹಾಗಾದರೆ ಪ್ರಕೃತಿಯು ಈ ನಿಷ್ಪ್ರಯೋಜಕವಾದ ನೋವನ್ನು ನಮ್ಮಲ್ಲಿ ಏಕೆ ಇಟ್ಟಿದೆ?

ಇದಕ್ಕೆ ಉತ್ತರವನ್ನು ಹುಡುಕಿದವನು ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿ (1907–1990). ಪ್ರಾಣಿಶಿಶುವಿಗೆ ತಾಯಿಯ ಸಾಮೀಪ್ಯವೇ ರಕ್ಷಣೆ. ಆದ್ದರಿಂದ ತಾಯಿಯಿಂದ ಅಗಲಿದೊಡನೆ ಅಳುವುದು, ಹುಡುಕುವುದು, ಬೇರೆ ಯಾವುದರಲ್ಲಿಯೂ ಮನಸ್ಸು ನಿಲ್ಲದಿರುವುದು ಶಿಶುವಿಗೆ ಹುಟ್ಟಿನೊಡನೆ ಬಂದ ಗುಣಗಳಾಗಿವೆ. ನೂರು ಅಗಲಿಕೆಗಳಲ್ಲಿ ತೊಂಬತ್ತೊಂಬತ್ತು ತಾತ್ಕಾಲಿಕ. ಅತ್ತರೆ ತಾಯಿ ಬರುತ್ತಾಳೆ. ನೂರನೆಯದು ಸಾವು. ಅಲ್ಲಿಯೂ ಅದೇ ಯಂತ್ರವು ಕೆಲಸಮಾಡುತ್ತದೆ, ಏಕೆಂದರೆ ನಮ್ಮೊಳಗಿನ ಆ ಪ್ರಾಚೀನ ಭಾಗಕ್ಕೆ ಸಾವಿಗೂ ಅಗಲಿಕೆಗೂ ಇರುವ ಭೇದವು ತಿಳಿಯದು. ಬಾಗಿಲು ಸದ್ದಾದರೆ ಸತ್ತವರೇ ಬಂದರೆಂದು ತಲೆಯೆತ್ತುವುದು, ಜನಸಂದಣಿಯಲ್ಲಿ ಅವರ ಬೆನ್ನನ್ನು ಕಂಡಂತಾಗುವುದು, ಇವು ಹುಚ್ಚಿನ ಲಕ್ಷಣಗಳಲ್ಲ, ಹುಡುಕಾಟದ ಲಕ್ಷಣಗಳು. ಶೋಕವು ಮಮತೆಯ ನಾಣ್ಯದ ಇನ್ನೊಂದು ಮುಖ. ಮಮತೆಯಿಲ್ಲದೆ ಬದುಕಲಾರದ ಜೀವಿಗೆ ಶೋಕವಿಲ್ಲದೆ ಇರಲು ಸಾಧ್ಯವಿಲ್ಲ.

ಈ ಬೌಲ್ಬಿಯೇ ತನ್ನ ಬಾಳಿನ ಕೊನೆಯ ಕೃತಿಯಾಗಿ ಡಾರ್ವಿನನ ಜೀವನಚರಿತ್ರೆಯನ್ನು ಬರೆದು 1990ರಲ್ಲಿ ಪ್ರಕಟಿಸಿದನು. ಎಂಟನೆಯ ವಯಸ್ಸಿನಲ್ಲಿ ಅಳಲು ಅವಕಾಶವಿಲ್ಲದೆ ಒಳಗೇ ಉಳಿದ ಶೋಕವೇ ಡಾರ್ವಿನನ ಬಹುಕಾಲದ ಅನಾರೋಗ್ಯಕ್ಕೆ ಒಂದು ಮೂಲವೆಂದು ಅದರಲ್ಲಿ ವಾದಿಸಿದನು. ಇದನ್ನು ಎಲ್ಲ ವೈದ್ಯರೂ ಒಪ್ಪಿಲ್ಲ. ದೈಹಿಕ ರೋಗವೇ ಕಾರಣವೆನ್ನುವವರೂ ಹಲವರಿದ್ದಾರೆ. ಆದರೆ ಆಡದೆ ಉಳಿದ ದುಃಖವು ಮಗುವಿಗೆ ಒಳ್ಳೆಯದಲ್ಲವೆಂಬ ಮೂಲತತ್ತ್ವವು ಇಂದು ಬಹುಮಟ್ಟಿಗೆ ಮಾನ್ಯವಾಗಿದೆ.

ಮಗುವಿನ ಶೋಕ, ಮುದುಕರ ಶೋಕ

ನಾಲ್ಕು ದಿನದ ಬರ್ನಾರ್ಡನಿಗೆ ತಾಯಿಯ ಸಾವು ತಿಳಿಯಲು ಸಾಧ್ಯವಿರಲಿಲ್ಲ. ಶಿಶುವು ಒಬ್ಬರನ್ನು ತನ್ನವರೆಂದು ಗಟ್ಟಿಯಾಗಿ ಹಚ್ಚಿಕೊಳ್ಳುವುದು ಸಾಮಾನ್ಯವಾಗಿ ಆರು ತಿಂಗಳು ಕಳೆದ ಮೇಲೆ. ಆ ಕಾಲಕ್ಕೆ ಅವನ ಬಳಿಯಲ್ಲಿ ದಿನವೂ ಅದೇ ಅಜ್ಜಿ, ಅದೇ ದಾದಿ, ಅದೇ ತಂದೆ, ಅದೇ ತಾತ ಇದ್ದರು. ಇಂಥ ಮಗುವಿಗೆ ನಷ್ಟವು ನೆನಪಾಗಿ ಬರುವುದಿಲ್ಲ. ಮುಂದೆ ಪ್ರಶ್ನೆಯಾಗಿ ಬರುತ್ತದೆ. ಎಲ್ಲರಿಗೂ ತಾಯಿ ಇದ್ದಾಳೆ, ನನ್ನವಳೆಲ್ಲಿ?

ಸಾವನ್ನು ಮಗುವು ಯಾವಾಗ, ಹೇಗೆ ಅರಿಯುತ್ತದೆ? ಹಂಗೆರಿಯ ಮನಶ್ಶಾಸ್ತ್ರಜ್ಞೆ ಮರಿಯಾ ನಾಗಿಯು 3ರಿಂದ 10 ವರ್ಷದ 378 ಮಕ್ಕಳನ್ನು ಮಾತನಾಡಿಸಿ, ಅವರಿಂದ ಚಿತ್ರ ಬರೆಸಿ, ಪ್ರಬಂಧ ಬರೆಸಿ, 1948ರಲ್ಲಿ ತನ್ನ ಫಲಿತಾಂಶಗಳನ್ನು ಪ್ರಕಟಿಸಿದಳು. ಐದು ವರ್ಷದೊಳಗಿನ ಮಕ್ಕಳಿಗೆ ಸಾವೆಂದರೆ ಒಂದು ಪ್ರಯಾಣ ಅಥವಾ ನಿದ್ರೆ; ಹೋದವರು ಬಂದೇ ಬರುತ್ತಾರೆ. ಸಾವು ಅಂತಿಮವೆಂದೂ ಎಲ್ಲರಿಗೂ ತಪ್ಪದ್ದೆಂದೂ ಮಕ್ಕಳು ಅರಿಯುವುದು ಕ್ರಮಕ್ರಮವಾಗಿ. ಆಕೆಯು ಹೇಳಿದ ವಯಸ್ಸುಗಳು ಎಲ್ಲ ದೇಶಗಳಿಗೂ ಹೊಂದುವುದಿಲ್ಲವೆಂದು ಮುಂದಿನ ಸಂಶೋಧನೆಗಳು ತೋರಿಸಿವೆ. ಈಗಿನ ವಿದ್ವಾಂಸರು ಮುಖ್ಯವಾಗಿ ಮೂರು ಅಂಶಗಳನ್ನು ಹೇಳುತ್ತಾರೆ: ಸತ್ತವರು ಮರಳುವುದಿಲ್ಲ; ಸತ್ತ ದೇಹಕ್ಕೆ ಹಸಿವು, ಚಳಿ, ನೋವು ಯಾವುದೂ ಇಲ್ಲ; ಜೀವವಿರುವ ಎಲ್ಲಕ್ಕೂ ಸಾವುಂಟು. ಬಹುಪಾಲು ಮಕ್ಕಳು ಇವನ್ನು ಐದರಿಂದ ಏಳು ವರ್ಷಗಳ ಸುಮಾರಿಗೆ ಗ್ರಹಿಸುತ್ತಾರೆ.

ಆ ತನಕ ಮಗುವು ತನ್ನದೇ ತರ್ಕವನ್ನು ಕಟ್ಟಿಕೊಳ್ಳುತ್ತದೆ. ಅಮ್ಮ ಮಲಗಿದ್ದಾಳೆ ಎಂದು ಹೇಳಿದರೆ ರಾತ್ರಿ ತಾನು ಮಲಗಲು ಹೆದರುತ್ತದೆ. ಊರಿಗೆ ಹೋಗಿದ್ದಾಳೆ ಎಂದರೆ ನನ್ನನ್ನು ಬಿಟ್ಟುಹೋದಳೇಕೆ ಎಂದು ಸಿಟ್ಟಾಗುತ್ತದೆ. ನಾನು ಹಟಮಾಡಿದ್ದರಿಂದಲೇ ಹೀಗಾಯಿತೆಂದು ಗುಟ್ಟಾಗಿ ಕೊರಗುವ ಮಕ್ಕಳೂ ಉಂಟು. ಆನಿಯು ಸತ್ತಾಗ ಏಳು ವರ್ಷದವಳಾಗಿದ್ದ ತಂಗಿ ಹೆನ್ರಿಯೆಟ್ಟಾಳು, ಚಿತ್ರಗಳಲ್ಲಿ ದೇವದೂತರೆಲ್ಲ ಗಂಡಸರೇ ಆಗಿರುವಾಗ ಹೆಂಗಸರು ಸತ್ತು ಎಲ್ಲಿಗೆ ಹೋಗುತ್ತಾರೆಂದು ತಾಯಿಯನ್ನು ಕೇಳಿ ಕಣ್ಣೀರಿಟ್ಟಳೆಂದು ಎಮ್ಮಾಳ ಟಿಪ್ಪಣಿಗಳಿಂದ ತಿಳಿಯುತ್ತದೆ. ದೊಡ್ಡವರಿಗೆ ನಗು ತರಿಸಬಹುದಾದ ಆ ಪ್ರಶ್ನೆಯ ಹಿಂದೆ ಅಕ್ಕ ಈಗ ಎಲ್ಲಿದ್ದಾಳೆಂಬ ನಿಜವಾದ ದಿಗಿಲಿತ್ತು.

ಇನ್ನು ಅಂಗಳದಲ್ಲಿ ಗೋಲಿಯಾಡುತ್ತಿರುವ ಹುಡುಗನ ವಿಷಯ. ಅವನಿಗೆ ದುಃಖವಿಲ್ಲವೆಂದಲ್ಲ. ದೊಡ್ಡವರು ಶೋಕದ ಹೊಳೆಯಲ್ಲಿ ಮುಳುಗಿ ನಡೆಯುತ್ತಾರೆ. ಮಗುವು ಮಳೆಗಾಲದ ಕುಣಿಗೆ ಕಾಲಿಟ್ಟಂತೆ ಶೋಕದೊಳಕ್ಕೆ ಇಳಿದು, ಒಡನೆಯೇ ಮೇಲಕ್ಕೆ ಹಾರುತ್ತದೆ. ಹೆಚ್ಚು ಹೊತ್ತು ದುಃಖವನ್ನು ತಾಳುವ ಶಕ್ತಿಯು ಅದಕ್ಕಿಲ್ಲ. ಮಧ್ಯಾಹ್ನ ಆಡಿದ ಹುಡುಗನೇ ರಾತ್ರಿ ಹಾಸಿಗೆಯಲ್ಲಿ ಮೂತ್ರಮಾಡಿಕೊಳ್ಳಬಹುದು, ಹೊಟ್ಟೆನೋವೆನ್ನಬಹುದು, ಪಾಠದಲ್ಲಿ ಹಿಂದೆ ಬೀಳಬಹುದು.

ಮುದುಕರ ಪಾಡು ಇದಕ್ಕೆ ವಿರುದ್ಧವಾದದ್ದು. ಅವರು ಶೋಕದಿಂದ ಮೇಲೇಳುವುದೇ ಕಷ್ಟ, ಅದು ದೇಹವನ್ನೂ ಹಿಡಿಯುತ್ತದೆ. ಇಂಗ್ಲೆಂಡಿನಲ್ಲಿ 55 ವರ್ಷ ಮೀರಿದ 4,486 ಮಂದಿ ವಿಧುರರನ್ನು ಕುರಿತು ಕಾಲಿನ್ ಮರ್ರೆ ಪಾರ್ಕ್ಸ್ ಮತ್ತು ಸಂಗಡಿಗರು 1969ರಲ್ಲಿ ವರದಿಮಾಡಿದರು. ಹೆಂಡತಿ ಸತ್ತ ಮೊದಲ ಆರು ತಿಂಗಳುಗಳಲ್ಲಿ ಅವರ ಮರಣಪ್ರಮಾಣವು ಅದೇ ವಯಸ್ಸಿನ ವಿವಾಹಿತರಿಗಿಂತ ಶೇಕಡಾ 40ರಷ್ಟು ಹೆಚ್ಚಾಗಿದ್ದಿತು. ಅದರಲ್ಲಿ ಹೃದ್ರೋಗದ ಪಾಲೇ ದೊಡ್ಡದು. ಜಪಾನಿನ ವೈದ್ಯರು 1990ರಲ್ಲಿ ವರ್ಣಿಸಿದ ಇನ್ನೊಂದು ಸ್ಥಿತಿಯಲ್ಲಿ, ತೀವ್ರ ಆಘಾತವಾದಾಗ ಹೃದಯದ ಎಡಭಾಗವು ಬಲೂನಿನಂತೆ ಉಬ್ಬಿ ತಾತ್ಕಾಲಿಕವಾಗಿ ದುರ್ಬಲವಾಗುತ್ತದೆ. ಅಷ್ಟಪದಿಯನ್ನು ಹಿಡಿಯುವ ಮಡಕೆಯಂತೆ ಕಾಣುವುದರಿಂದ ಅದಕ್ಕೆ ತಾಕೊತ್ಸುಬೊ ಎಂದು ಹೆಸರು. ವಯಸ್ಸಾದ ಹೆಂಗಸರಲ್ಲಿ ಇದು ಹೆಚ್ಚು. ಎದೆಯೊಡೆಯಿತು ಎಂಬ ನಮ್ಮ ಮಾತು ಬರಿಯ ಅಲಂಕಾರವಲ್ಲವೆಂದಾಯಿತು.

ತೂಗುಯ್ಯಾಲೆ

ಶೋಕಕ್ಕೆ ಐದು ಮೆಟ್ಟಿಲುಗಳಿವೆಯೆಂಬ ಮಾತನ್ನು ನಮ್ಮ ಓದುಗರು ಕೇಳಿರಬಹುದು. 1969ರಲ್ಲಿ ಎಲಿಜಬೆತ್ ಕ್ಯೂಬ್ಲರ್ ರಾಸ್ ಎಂಬಾಕೆಯು ಅದನ್ನು ಹೇಳಿದ್ದು ಮರಣೋನ್ಮುಖರಾದ ರೋಗಿಗಳನ್ನು ಕುರಿತು. ಉಳಿದವರೆಲ್ಲರೂ ಆ ಮೆಟ್ಟಿಲುಗಳನ್ನೇ ಹತ್ತಬೇಕೆಂಬ ನಿಯಮವಿಲ್ಲ. ಇದಕ್ಕಿಂತ ನಿಜಕ್ಕೆ ಹತ್ತಿರವಾದ ಚಿತ್ರವನ್ನು 1999ರಲ್ಲಿ ಹಾಲೆಂಡಿನ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಸ್ಕುಟ್ ಎಂಬ ವಿದ್ವಾಂಸರು ಕೊಟ್ಟರು. ದುಃಖಿಯಾದವನ ಮುಂದೆ ಎರಡು ಕೆಲಸಗಳಿವೆ. ಸತ್ತವರನ್ನು ನೆನೆದು ಅಳುವುದು ಒಂದು. ಅವರಿಲ್ಲದ ಬದುಕನ್ನು ಮತ್ತೆ ಕಟ್ಟುವುದು ಇನ್ನೊಂದು. ಆರೋಗ್ಯವಂತ ಮನಸ್ಸು ಇವೆರಡರ ನಡುವೆ ತೂಗುಯ್ಯಾಲೆಯಂತೆ ಅತ್ತಿಂದಿತ್ತ ತೂಗುತ್ತದೆ. ಒಂದು ಕಡೆಯೇ ನಿಂತುಬಿಟ್ಟರೆ ಅಪಾಯ.

ಈಗ ಡೌನ್ ಮನೆಯ ಎರೆಹುಳುವಿನ ಸಂಗೀತಕಚೇರಿಯನ್ನು ಮತ್ತೆ ನೆನೆಯೋಣ. ಅದು ಶೋಕದಿಂದ ಓಡಿಹೋದವರ ಆಟವಲ್ಲ. ಉಯ್ಯಾಲೆಯು ಬದುಕಿನ ಕಡೆಗೆ ತೂಗಿದ ಗಳಿಗೆ. ತಾತ ಮೊಮ್ಮಗರ ಜೋಡಿಯ ವಿಶೇಷವಿರುವುದು ಇಲ್ಲಿಯೇ. ಮುದುಕನಿಗೆ ಮೇಲೇಳುವುದು ಕಷ್ಟ. ಮಗುವಿಗೆ ಹಸಿವಾಗುತ್ತದೆ, ಆಟ ಬೇಕು, ಸಕ್ಕರೆ ಬೇಕು. ಅದು ತಾತನ ಕೈ ಹಿಡಿದು ಬದುಕಿನ ಕಡೆಗೆ ಎಳೆಯುತ್ತದೆ. ಮಗುವಿಗೆ ನೆನೆಯುವುದು ಕಷ್ಟ. ಮುದುಕನಲ್ಲಿ ನೆನಪಿನ ಭಂಡಾರವಿದೆ, ಅದನ್ನು ಹೇಳುವ ಬಿಡುವಿದೆ. ಅವನು ಮಗುವಿಗೆ ಸತ್ತವರನ್ನು ಕೊಡಬಲ್ಲನು. ಒಬ್ಬರಲ್ಲಿ ಇಲ್ಲದ್ದು ಇನ್ನೊಬ್ಬರಲ್ಲಿದೆ.

ಸತ್ತವರನ್ನು ಮರೆತರೆ ಮಾತ್ರ ದುಃಖ ಮುಗಿಯುವುದೆಂದು ಒಂದು ಕಾಲದಲ್ಲಿ ಮನಶ್ಶಾಸ್ತ್ರವು ನಂಬಿತ್ತು. ಅಮೆರಿಕದ ಫಿಲಿಸ್ ಸಿಲ್ವರ್‌ಮನ್ ಮತ್ತು ವಿಲಿಯಂ ವರ್ಡೆನ್ ಎಂಬುವರು ತಂದೆ ಅಥವಾ ತಾಯಿಯನ್ನು ಕಳೆದುಕೊಂಡ 125 ಮಕ್ಕಳನ್ನು ಅನುಸರಿಸಿ ನೋಡಿದಾಗ ಬೇರೆ ಸಂಗತಿಯು ಕಂಡುಬಂದಿತು. ಮಕ್ಕಳು ಸತ್ತವರೊಡನೆ ಸಂಬಂಧವನ್ನು ಕಡಿದುಕೊಳ್ಳುವುದಿಲ್ಲ. ಅವರ ವಸ್ತುವೊಂದನ್ನು ಇಟ್ಟುಕೊಳ್ಳುತ್ತಾರೆ, ಅವರೊಡನೆ ಮನಸ್ಸಿನಲ್ಲಿ ಮಾತನಾಡುತ್ತಾರೆ, ತಾವು ಬೆಳೆದಂತೆ ಆ ನೆನಪನ್ನೂ ಬೆಳೆಸುತ್ತಾರೆ. ಹಾಗೆ ಬೆಳೆಸಲು ಅವರಿಗೆ ಸಾಮಗ್ರಿ ಬೇಕು: ಕಥೆ, ಚಿತ್ರ, ಹೆಸರು. ಅದನ್ನು ಒದಗಿಸಬೇಕಾದವರು ಮನೆಯವರೇ.

ನಾವು ಮಾಡಬಹುದಾದುದೇನು?

ಈ ಲೇಖನವನ್ನು ಓದುವ ತರುಣರ ಮನೆಗಳಲ್ಲಿಯೂ ಇಂಥ ಸಂದರ್ಭಗಳು ಬಂದಿರಬಹುದು. ತಮ್ಮನೋ ತಂಗಿಯೋ ಇರಬಹುದು, ಮೂಲೆ ಹಿಡಿದ ಅಜ್ಜಿಯಿರಬಹುದು. ವೈದ್ಯರು ಹೇಳುವ ಕೆಲವು ಮಾತುಗಳು ಇವು. ಮಗುವಿಗೆ ಸತ್ತರು ಎಂಬ ಮಾತನ್ನೇ ಮೆಲ್ಲಗೆ, ಸ್ಪಷ್ಟವಾಗಿ ಹೇಳಬೇಕು. ಸತ್ತರೆಂದರೆ ದೇಹವು ಕೆಲಸ ನಿಲ್ಲಿಸಿತು, ಇನ್ನು ನೋವಿಲ್ಲ, ಮರಳಿ ಬರುವುದಿಲ್ಲ ಎಂದು ತಿಳಿಸಬೇಕು. ಮನೆಯ ಶ್ರದ್ಧೆಯಂತೆ ದೇವರ ಮಾತನ್ನು ಹೇಳುವುದಾದರೂ ಇದನ್ನು ಬಿಡಬಾರದು. ಅದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೆ ಹತ್ತು ಸಲವೂ ಉತ್ತರಿಸಬೇಕು. ನಿನ್ನಿಂದ ಇದು ಆಗಲಿಲ್ಲ ಎಂದು, ಮಗುವು ಕೇಳದಿದ್ದರೂ ಹೇಳಬೇಕು. ಊಟ, ನಿದ್ರೆ, ಶಾಲೆಗಳ ಹೊತ್ತು ಆದಷ್ಟು ಬದಲಾಗದಿರಲಿ. ಹಿರಿಯರು ಅಳುವುದನ್ನು ಮಗುವು ಕಂಡರೆ ಕೇಡಿಲ್ಲ. ಏಕೆ ಅಳುತ್ತಿದ್ದಾರೆಂದು ತಿಳಿಯದಿರುವುದೇ ಕೇಡು. ಹಿರಿಯರ ಊಟ, ಔಷಧ, ನಿದ್ರೆಗಳನ್ನು ಮೊದಲ ತಿಂಗಳುಗಳಲ್ಲಿ ಉಳಿದವರು ಗಮನಿಸುತ್ತಿರಬೇಕು.

ಶೋಕವು ರೋಗವಲ್ಲ. ಆದರೆ ಆರು ತಿಂಗಳು ಕಳೆದ ಮೇಲೆಯೂ ಅದರ ತೀವ್ರತೆಯು ತಗ್ಗದೆ, ನಿತ್ಯದ ಕೆಲಸವೇ ಅಸಾಧ್ಯವಾಗಿದ್ದರೆ ಅದು ದೀರ್ಘಶೋಕವೆಂಬ ಚಿಕಿತ್ಸಾರ್ಹ ಸ್ಥಿತಿಯಾಗಿರಬಹುದು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದಲ್ಲಿ ಇದಕ್ಕೆ ಸ್ಥಾನವು ದೊರೆತಿದೆ. ಅದೇ ವರ್ಷ ಭಾರತ ಸರ್ಕಾರವು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯನ್ನು ಮುಖ್ಯಕೇಂದ್ರವಾಗಿಟ್ಟುಕೊಂಡು ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯನ್ನು ತೆರೆಯಿತು. 14416 ಎಂಬ ಸಂಖ್ಯೆಗೆ ಕರೆಮಾಡಿ ಯಾರು ಬೇಕಾದರೂ ಸಲಹೆಯನ್ನು ಪಡೆಯಬಹುದು.

1882ರ ಏಪ್ರಿಲ್ 19ರಂದು ಡಾರ್ವಿನನು ತನ್ನ ಮನೆಯಲ್ಲಿಯೇ ಕಾಲವಾದನು. ಬರ್ನಾರ್ಡನಿಗೆ ಆಗ ಐದೂವರೆ ವರ್ಷ ದಾಟಿತ್ತು. ಸಾವು ಅಂತಿಮವೆಂಬುದನ್ನು ಮಗುವು ಅರಿಯತೊಡಗುವ ವಯಸ್ಸು. ತಾಯಿಯ ಸಾವನ್ನು ತಿಳಿಯದ ಹುಡುಗನು ತಾತನ ಸಾವನ್ನು ಕಂಡನು. ಅವನು ಬೆಳೆದು ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ 1907ರಿಂದ 1953ರವರೆಗೆ ಗಾಲ್ಫ್ ಆಟವನ್ನು ಕುರಿತು ಬರೆದು ಆ ವಿಷಯದ ಶ್ರೇಷ್ಠ ಲೇಖಕನೆಂದು ಹೆಸರಾದನು. 1961ರಲ್ಲಿ ತೀರಿಕೊಂಡನು.

ಶ್ರೂಸ್‌ಬರಿಯ ಹುಡುಗನಿಗೆ ಉಳಿದದ್ದು ಒಂದು ಕಪ್ಪು ಉಡುಪು ಮತ್ತು ಒಂದು ಮೇಜು. ಆ ಹುಡುಗನು ತಾತನಾದಾಗ ತನ್ನ ಮೊಮ್ಮಗನ ಎದುರಿಗೆ ಊಟಕ್ಕೆ ಕುಳಿತು ಸಕ್ಕರೆಯ ರುಚಿಯನ್ನು ಚರ್ಚಿಸಿದನು. ಸತ್ತವರನ್ನು ತಂದುಕೊಡುವ ಶಕ್ತಿಯು ಯಾವ ವಿಜ್ಞಾನಕ್ಕೂ ಇಲ್ಲ. ಆದರೆ ಉಳಿದವರು ಒಬ್ಬರ ಎದುರಿಗೊಬ್ಬರು ಕುಳಿತುಕೊಳ್ಳಬಹುದು. ಹೋದವರ ಹೆಸರನ್ನು ಅಂಜದೆ ಹೇಳಬಹುದು. ಮಗುವಿನ ನೆನಪಿನಲ್ಲಿ ಒಂದು ಮುಖವು ಉಳಿಯುವುದೋ ಬರಿಯ ಉಡುಪು ಉಳಿಯುವುದೋ ಎಂಬುದು ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ.